ನ್ಯಾಯಮೂರ್ತಿಯೇ ವಿಚ್ಛೇದನದ ಕಕ್ಷಿದಾರರಾದಾಗ ಜನ ನೋಡಬೇಕಾದದ್ದೇನು?

ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಸಂಸಾರವೇ ಮುರಿದರೆ ಗಂಡ ಹೆಂಡತಿ ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು? ಉತ್ತರ ಸುಲಭವೆಂದು ಕಾಣುತ್ತದೆ. ನಮ್ಮ ನಿಮ್ಮಂತೆ ಅವರೂ ಕೌಟುಂಬಿಕ ನ್ಯಾಯಾಲಯಕ್ಕೇ ಹೋಗಬೇಕು. ಬೆಂಗಳೂರಿನಲ್ಲಾದರೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದ ಕಾರಿಡಾರಿನಲ್ಲಿ ಕಡತ ಹಿಡಿದು, ಹೆಸರು ಕೂಗುವುದನ್ನು ಕಾಯುವ ಜನರ ನಡುವೆ ಅವರ ವಕೀಲರೂ ನಿಲ್ಲಬೇಕು. ತೊಡಕು ಶುರುವಾಗುವುದು ಬಾಗಿಲು ದಾಟಿ ಒಳಗೆ ಹೋದ ಮೇಲೆ. ಪೀಠದಲ್ಲಿ ಕುಳಿತ ನ್ಯಾಯಾಧೀಶರ ವರ್ಗಾವಣೆ, ಬಡ್ತಿ, ವಾರ್ಷಿಕ ಗೋಪ್ಯ ವರದಿ ಎಲ್ಲವೂ ಹೈಕೋರ್ಟಿನ ಕೈಯಲ್ಲಿವೆ. ಎದುರಿಗಿರುವ ಇಬ್ಬರು ಕಕ್ಷಿದಾರರಲ್ಲಿ ಒಬ್ಬರು ಅದೇ ಹೈಕೋರ್ಟಿನವರು.

ಇಂಥ ಪ್ರಕರಣ ಸುದ್ದಿಯಾದಾಗಲೆಲ್ಲ ಜನ ಎರಡು ಗುಂಪಾಗುತ್ತಾರೆ. ಮನೆ ಜಗಳ ಅವರ ಖಾಸಗಿ ವಿಚಾರ, ಯಾರೂ ಬಾಯಿ ಹಾಕಬಾರದು ಎನ್ನುವವರು ಕೆಲವರು. ಜನರಿಗೆ ನ್ಯಾಯ ಹೇಳುವವರ ಬದುಕು ತೆರೆದಿರಬೇಕು, ಎಲ್ಲವೂ ಹೊರಗೆ ಬರಲಿ ಎನ್ನುವವರು ಕೆಲವರು. ಎರಡು ವಾದವೂ ನನಗೆ ಒಪ್ಪಿಗೆಯಿಲ್ಲ. ಒಂದು ವಿಚ್ಛೇದನದ ಕಡತದೊಳಗೆ ಎರಡು ಬೇರೆ ಬೇರೆ ಕಥೆಗಳಿರುತ್ತವೆ. ಮದುವೆ ಯಾಕೆ ಮುರಿಯಿತು ಎಂಬುದು ಒಂದು. ಆ ಕೇಸು ಕೋರ್ಟಿನಲ್ಲಿ ಯಾವ ದಾರಿ ಹಿಡಿದು ಸಾಗಿತು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ನಮಗೆ ಕೆಲಸವಿಲ್ಲ. ಎರಡನೆಯದರ ಒಂದೊಂದು ತಿರುವನ್ನೂ ಕೇಳುವ ಹಕ್ಕು ನಮಗಿದೆ. ಇದು ನನಗೆ ಚೆನ್ನಾಗಿ ಅರ್ಥವಾದದ್ದು 2000ನೇ ಇಸವಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ನಡೆದ ಪ್ರಕರಣವನ್ನು ಓದಿದಾಗ.

ನ್ಯೂ ಹ್ಯಾಂಪ್‌ಶೈರ್ ಅಮೆರಿಕದ ಈಶಾನ್ಯ ಮೂಲೆಯ ಪುಟ್ಟ ರಾಜ್ಯ, ಕಾಂಕರ್ಡ್ ಅದರ ರಾಜಧಾನಿ. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸುಪ್ರೀಂ ಕೋರ್ಟ್ ಇರುತ್ತದೆ. ಹೆಚ್ಚುಕಡಿಮೆ ನಮ್ಮ ಹೈಕೋರ್ಟಿನ ಜಾಗದಲ್ಲಿರುವ ಕೋರ್ಟ್ ಎಂದುಕೊಳ್ಳಿ. ನ್ಯೂ ಹ್ಯಾಂಪ್‌ಶೈರಿನ ಸುಪ್ರೀಂ ಕೋರ್ಟಿನಲ್ಲಿರುವುದು ಐದೇ ನ್ಯಾಯಮೂರ್ತಿಗಳು. ವಿಚಾರಣಾ ಕೋರ್ಟಿಗೂ ಅದಕ್ಕೂ ನಡುವೆ ಇನ್ನೊಂದು ಮೇಲ್ಮನವಿ ಕೋರ್ಟ್ ಇಲ್ಲ. ರಾಜ್ಯದ ಯಾವ ಮೂಲೆಯ ವ್ಯಾಜ್ಯವಾದರೂ ಮೇಲಕ್ಕೆ ಹೋದರೆ ಆ ಐವರ ಮುಂದೆಯೇ ಬರಬೇಕು.

ಆ ಐವರಲ್ಲಿ ಒಬ್ಬರಾದ ಸ್ಟೀಫನ್ ಥೇಯರ್ ಅವರ ವಿಚ್ಛೇದನವೂ ಹಾಗೆಯೇ ಮೇಲ್ಮನವಿಯಾಗಿ ಅವರದೇ ಕೋರ್ಟಿಗೆ ಬಂತು. ಸಹೋದ್ಯೋಗಿಯ ಸಂಸಾರದ ಕೇಸನ್ನು ಉಳಿದ ನಾಲ್ವರು ಕೇಳುವಂತಿಲ್ಲ. ಅವರು ಹಿಂದೆ ಸರಿದರೆ ಬದಲಿ ನ್ಯಾಯಾಧೀಶರನ್ನು ನೇಮಿಸಬೇಕು. ನೇಮಿಸುವ ಅಧಿಕಾರ ಮುಖ್ಯ ನ್ಯಾಯಮೂರ್ತಿ ಡೇವಿಡ್ ಬ್ರಾಕ್ ಅವರದು. ಕೇಸು ಕೇಳಲು ಅನರ್ಹರಾದವರೇ ಕೇಸು ಕೇಳುವವರನ್ನು ಆರಿಸಬೇಕಾದ ಪರಿಸ್ಥಿತಿ ಅದು. ಇಡೀ ಪ್ರಕರಣದ ಬೇರು ಇಲ್ಲಿದೆ.

2000ದ ಫೆಬ್ರುವರಿಯಲ್ಲಿ ನ್ಯಾಯಮೂರ್ತಿಗಳು ಸೇರಿದ್ದಾಗ ಬದಲಿ ನ್ಯಾಯಾಧೀಶರು ಯಾರೆಂಬ ಮಾತು ಥೇಯರ್ ಅವರ ಕಿವಿಗೇ ಬಿತ್ತು. ಅದರಲ್ಲೊಂದು ಹೆಸರಿಗೆ ಅವರು ಅಲ್ಲೇ ಆಕ್ಷೇಪ ಎತ್ತಿದರು. ಹೊರನೋಟಕ್ಕೆ ನಡೆದದ್ದು ಇಷ್ಟೇ. ಲಂಚವಿಲ್ಲ, ಬೆದರಿಕೆಯಿಲ್ಲ, ತಿರುಚಿದ ದಾಖಲೆಯಿಲ್ಲ. ಒಂದೇ ಕೊಠಡಿಯಲ್ಲಿ ವರ್ಷಗಟ್ಟಲೆ ಕೂತು ಕೆಲಸ ಮಾಡಿದವರ ನಡುವೆ ಆಡಿದ ಮಾತು.

ಕೋರ್ಟಿನ ಕ್ಲರ್ಕ್ ಹೋವರ್ಡ್ ಜೀಬೆಲ್ ಅದನ್ನು ಬರಹದಲ್ಲಿ ದಾಖಲಿಸಿದರು. ಕ್ಲರ್ಕ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಗುಮಾಸ್ತರು ಬರುತ್ತಾರೆ. ಅಲ್ಲಿ ಅದು ಕೋರ್ಟಿನ ಆಡಳಿತ ನೋಡಿಕೊಳ್ಳುವ ದೊಡ್ಡ ಹುದ್ದೆ, ನಮ್ಮ ರಿಜಿಸ್ಟ್ರಾರ್ ಇದ್ದ ಹಾಗೆ. ಆದರೂ ತನ್ನ ಮೇಲಿರುವ ನ್ಯಾಯಮೂರ್ತಿಗಳ ನಡವಳಿಕೆಯ ಬಗ್ಗೆ ಒಬ್ಬ ಅಧಿಕಾರಿ ಕಾಗದದ ಮೇಲೆ ಬರೆದಿಡುವುದು ಸಣ್ಣ ವಿಷಯವಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸಿದ್ದು ಆ ಟಿಪ್ಪಣಿ. ಅದು ಇಲ್ಲದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಫಿಲಿಪ್ ಮೆಕ್ಲಾಕ್ಲಿನ್ ತನಿಖೆಗೆ ಇಳಿದರು. ಮಾರ್ಚ್ 31ರಂದು ಥೇಯರ್ ರಾಜೀನಾಮೆ ಕೊಟ್ಟರು. ಪ್ರತಿಯಾಗಿ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವುದಿಲ್ಲ ಎಂಬ ಒಪ್ಪಂದವಾಯಿತು. ಹೀಗಾಗಿ ಅವರ ಮೇಲಿನ ಆರೋಪ ಯಾವ ಕೋರ್ಟಿನಲ್ಲೂ ಸಾಬೀತಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಅಟಾರ್ನಿ ಜನರಲ್ ತಮ್ಮ ವರದಿಯನ್ನು ಸಾರ್ವಜನಿಕಗೊಳಿಸಿದರು. ಆ ಹೊತ್ತಿಗೆ ವಿಷಯ ಒಬ್ಬರ ವಿಚ್ಛೇದನವನ್ನು ದಾಟಿ ಹೋಗಿತ್ತು.

ಒಂದು ಹೆಸರಿಗೆ ಆಕ್ಷೇಪ ಎತ್ತಿದ್ದು ಅಷ್ಟು ದೊಡ್ಡ ತಪ್ಪೇ ಎಂದು ಕೇಳುವವರಿದ್ದಾರೆ. ಆಕ್ಷೇಪ ಎತ್ತುವ ಹಕ್ಕು ಪ್ರತಿ ಕಕ್ಷಿದಾರರಿಗೂ ಇದೆ. ಅದಕ್ಕೆ ಅರ್ಜಿ ಹಾಕಬೇಕು, ಎದುರು ಪಕ್ಷಕ್ಕೆ ಅದರ ಪ್ರತಿ ಕೊಡಬೇಕು, ಕಾರಣ ಬರೆಯಬೇಕು, ಅವರ ತಕರಾರನ್ನೂ ಕೇಳಬೇಕು. ಥೇಯರ್ ಅವರ ಮಾತಿಗೆ ಇದ್ಯಾವುದರ ಹಂಗೂ ಇರಲಿಲ್ಲ, ಏಕೆಂದರೆ ಆ ಕೊಠಡಿಗೆ ಕಾಲಿಡುವ ಅವಕಾಶ ಅವರ ಹುದ್ದೆಗಿತ್ತು. ಅದೇ ಕೇಸಿನ ಇನ್ನೊಂದು ಪಕ್ಷದಲ್ಲಿದ್ದ ಹೆಣ್ಣುಮಗಳಿಗೆ ಆ ಬಾಗಿಲು ಎಂದೂ ತೆರೆಯುವಂತಿರಲಿಲ್ಲ. ತನ್ನ ಕೇಸನ್ನು ಯಾರು ಕೇಳಬೇಕು ಎಂಬ ಚರ್ಚೆ ಎದುರು ಪಕ್ಷದವರ ಸಮ್ಮುಖದಲ್ಲೇ ನಡೆಯುತ್ತಿದೆ ಎಂದು ಆಕೆಗೆ ತಿಳಿಯುವ ದಾರಿಯೂ ಇರಲಿಲ್ಲ. ಜೀವನಾಂಶ ಎಷ್ಟು, ಆಸ್ತಿಯಲ್ಲಿ ಪಾಲೆಷ್ಟು ಎಂಬುದನ್ನು ತೀರ್ಮಾನಿಸುವವರು ಯಾರೆಂಬುದೇ ಒಂದು ಕಡೆಯವರ ಮುಖ ನೋಡಿ ಬದಲಾಗುವ ಹಾಗಿದ್ದರೆ, ಆಮೇಲೆ ಎಷ್ಟೇ ಒಳ್ಳೆಯ ತೀರ್ಪು ಬಂದರೂ ಸೋತವರು ಅದನ್ನು ನಂಬುವುದು ಹೇಗೆ?

ತನಿಖೆ ನಡೆಯುತ್ತ ಹೋದಂತೆ ಇನ್ನೂ ದೊಡ್ಡದೊಂದು ಸಂಗತಿ ಹೊರಬಿತ್ತು. ಕೇಸಿನಿಂದ ಹಿಂದೆ ಸರಿದ ನ್ಯಾಯಮೂರ್ತಿಗಳು ಆ ಕೇಸಿನ ಚರ್ಚೆ ನಡೆಯುವಾಗಲೂ ಕೊಠಡಿಯಲ್ಲಿ ಕೂತಿರುತ್ತಿದ್ದರು. ತೀರ್ಪಿನ ಕರಡು ಅವರ ಕೈಗೂ ಬರುತ್ತಿತ್ತು, ಕೆಲವೊಮ್ಮೆ ಅಭಿಪ್ರಾಯವನ್ನೂ ಹೇಳುತ್ತಿದ್ದರು. ಆ ಕೋರ್ಟಿನಲ್ಲಿ ಇದು ಹಳೆಯ ರೂಢಿ. ಹೊರಗಿನ ವಕೀಲರು, ಕಕ್ಷಿದಾರರು ನಂಬಿದ್ದೇ ಬೇರೆ. ಇಂಥ ನ್ಯಾಯಮೂರ್ತಿ ಈ ಕೇಸಿನಲ್ಲಿ ಭಾಗವಹಿಸಿಲ್ಲ ಎಂದು ತೀರ್ಪಿನ ಕೊನೆಯಲ್ಲಿ ಬರೆದಿದ್ದರೆ ಅದರ ಅರ್ಥ ಅವರು ಭಾಗವಹಿಸಿಲ್ಲ ಎಂದೇ ತಾನೇ? ಒಂದು ವಿಚ್ಛೇದನದ ಮೇಲ್ಮನವಿ ಬಾರದೇ ಇದ್ದಿದ್ದರೆ ಆ ರೂಢಿ ಇನ್ನೆಷ್ಟು ಕಾಲ ಹಾಗೇ ನಡೆಯುತ್ತಿತ್ತೋ. ಅದನ್ನು ನಡೆಸುತ್ತಿದ್ದವರಲ್ಲಿ ಕೆಟ್ಟವರೇ ಇದ್ದರೆಂದು ಹೇಳುವಂತಿಲ್ಲ. ತಮ್ಮೊಳಗೆ ತಾವು ಒಳ್ಳೆಯವರೆಂಬ ನಂಬಿಕೆ ಇದ್ದಲ್ಲೇ ಇಂಥ ರೂಢಿಗಳು ಬೇರು ಬಿಡುತ್ತವೆ ಎಂದು ನನಗನ್ನಿಸುತ್ತದೆ.

ನಾನೂರು ಸದಸ್ಯರ ರಾಜ್ಯದ ಪ್ರತಿನಿಧಿ ಸಭೆ ಜುಲೈ 12ರಂದು ಮುಖ್ಯ ನ್ಯಾಯಮೂರ್ತಿ ಬ್ರಾಕ್ ಅವರ ವಿರುದ್ಧ ವಾಗ್ದಂಡನೆಗೆ, ಅಂದರೆ ಹುದ್ದೆಯಿಂದ ತೆಗೆಯಲು ಆರೋಪ ಹೊರಿಸುವುದಕ್ಕೆ, ಮತ ಹಾಕಿತು. ಆ ರಾಜ್ಯದಲ್ಲಿ ನ್ಯಾಯಾಧೀಶರೊಬ್ಬರು ಹಾಗೆ ವಾಗ್ದಂಡನೆಗೆ ಒಳಗಾಗಿದ್ದು 1790ರ ನಂತರ ಅದೇ ಮೊದಲು. ನಾಲ್ಕು ಆರೋಪಗಳು. ಬದಲಿ ನ್ಯಾಯಾಧೀಶರ ನೇಮಕದ ಬಗ್ಗೆ ಥೇಯರ್ ಜೊತೆ ಮಾತಾಡಿದ್ದು, ಹಿಂದೆ ಸರಿದವರಿಗೂ ಕೇಸುಗಳ ಬಗ್ಗೆ ಅಭಿಪ್ರಾಯ ಹೇಳಲು ಬಿಟ್ಟದ್ದು, 1987ರಲ್ಲಿ ಪ್ರಭಾವಿ ಸೆನೆಟರ್ ಒಬ್ಬರಿಗೆ ಸಂಬಂಧಿಸಿದ ಕೇಸಿನ ವಿಷಯವಾಗಿ ಕೆಳಗಿನ ನ್ಯಾಯಾಧೀಶರಿಗೆ ಫೋನ್ ಮಾಡಿದ್ದು, ವಿಚಾರಣಾ ಸಮಿತಿಯ ಮುಂದೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದು. ಬ್ರಾಕ್ ಎಲ್ಲವನ್ನೂ ನಿರಾಕರಿಸಿದರು. ಸೆಪ್ಟೆಂಬರಿನಲ್ಲಿ ರಾಜ್ಯದ ಮೇಲ್ಮನೆಯಾದ ಸೆನೆಟ್ ಬಹಿರಂಗವಾಗಿ ವಿಚಾರಣೆ ನಡೆಸಿತು. ಅಕ್ಟೋಬರ್ 10ರಂದು ನಾಲ್ಕೂ ಆರೋಪಗಳಿಂದ ಅವರನ್ನು ಖುಲಾಸೆ ಮಾಡಿತು.

ಹಾಗಾದರೆ ಅಷ್ಟೆಲ್ಲ ಗಲಾಟೆ ವ್ಯರ್ಥವಾಯಿತೇ? ಇಲ್ಲಿ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅದೇ ಸುಪ್ರೀಂ ಕೋರ್ಟ್ 1993 ಮತ್ತು 1997ರಲ್ಲಿ ಕ್ಲೇರ್‌ಮಾಂಟ್ ಪ್ರಕರಣದಲ್ಲಿ ತೀರ್ಪು ಕೊಟ್ಟು, ಮಕ್ಕಳ ಶಿಕ್ಷಣಕ್ಕೆ ಹಣ ಒದಗಿಸುವುದು ರಾಜ್ಯದ ಹೊಣೆ, ಊರೂರಿಗೆ ಬೇರೆ ಬೇರೆ ದರದ ಆಸ್ತಿ ತೆರಿಗೆಯಿಂದ ಶಾಲೆ ನಡೆಸುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತ್ತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಇದೇ ಬ್ರಾಕ್. ಆ ತೀರ್ಪುಗಳಿಂದ ಕೋಪಗೊಂಡ ಶಾಸಕರು ಬಹಳ ಮಂದಿ ಇದ್ದರು. ಆ ಸೇಡು ವಾಗ್ದಂಡನೆಯ ರೂಪ ತಾಳಿತು ಎಂದು ಅನೇಕರು ಆಗ ವಾದಿಸಿದರು. ಆ ವಾದವನ್ನು ನಾನು ತಳ್ಳಿಹಾಕಲಾರೆ. ನ್ಯಾಯಮೂರ್ತಿಯ ಸಂಸಾರದ ಬಿರುಕು ಅವರ ತೀರ್ಪುಗಳನ್ನು ಸಹಿಸದವರಿಗೆ ಸುಲಭವಾಗಿ ಆಯುಧವಾಗುತ್ತದೆ. ಹಾಗೆಂದು ನಡೆದದ್ದು ಸರಿಯಾಗಿಬಿಡುವುದಿಲ್ಲ. ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿ ಹಳೆಯ ಕೋಪವಿತ್ತು, ಕೇಳಿದ ಪ್ರಶ್ನೆಯಲ್ಲಿ ಹುರುಳೂ ಇತ್ತು. ಎರಡೂ ನಿಜ.

ಅಲ್ಲಿನ ಈಗಿನ ಕಾಯ್ದೆಯ ಪ್ರಕಾರ ಸುಪ್ರೀಂ ಕೋರ್ಟಿಗೆ ಬದಲಿ ನ್ಯಾಯಾಧೀಶರನ್ನು ಚೀಟಿ ಎತ್ತಿದಂತೆ ಆರಿಸಬೇಕು. ಯಾರ ಹೆಸರು ಬರುತ್ತದೆಂದು ಮುಖ್ಯ ನ್ಯಾಯಮೂರ್ತಿಗೂ ಮೊದಲೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಯಾರ ಕಿವಿಗೆ ಹಾಕುವುದು?

ಗಮನಿಸಿ, ಥೇಯರ್ ದಂಪತಿಯ ಮದುವೆ ಯಾಕೆ ಮುರಿಯಿತೆಂದು ನಾನು ಒಂದು ಸಾಲನ್ನೂ ಬರೆದಿಲ್ಲ. ಇಡೀ ಪ್ರಕರಣ ಅರ್ಥವಾಗಲು ಅದರ ಅಗತ್ಯವೇ ಬೀಳಲಿಲ್ಲ.

ವಿಚ್ಛೇದನದ ವಿವರಗಳನ್ನು ಮುಚ್ಚಿಡುವ ಪದ್ಧತಿಗೆ ತನ್ನದೇ ಇತಿಹಾಸವಿದೆ, ಅದು ಇಂಗ್ಲೆಂಡಿನಿಂದ ನಮ್ಮಲ್ಲಿಗೆ ಬಂದದ್ದು. ಅಲ್ಲಿ ಮದುವೆ ರದ್ದತಿಯ ಒಂದು ಕೇಸು ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಗೆದ್ದ ಹೆಂಡತಿ ತನ್ನ ಮೇಲೆ ಹಬ್ಬಿದ್ದ ಅಪವಾದ ತೊಡೆಯಲು ವಿಚಾರಣೆಯ ನಕಲನ್ನು ಗಂಡನ ಮನೆಯವರಿಗೆ ಕಳಿಸಿದಳು. ಕೋರ್ಟ್ ಅದನ್ನು ನ್ಯಾಯಾಂಗ ನಿಂದನೆ ಎಂದಿತು. 1913ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ಆದೇಶವನ್ನು ರದ್ದು ಮಾಡಿತು. ವಿಷಯ ಮುಜುಗರದ್ದು ಎಂಬ ಒಂದೇ ಕಾರಣಕ್ಕೆ ಕೋರ್ಟಿನ ಬಾಗಿಲು ಮುಚ್ಚುವಂತಿಲ್ಲ, ತೆರೆದ ನ್ಯಾಯಾಲಯವೇ ನಿಯಮ ಎಂದು ಸಾರಿದ ಸ್ಕಾಟ್ ವಿರುದ್ಧ ಸ್ಕಾಟ್ ತೀರ್ಪು ಅದು. ಆಮೇಲೆ ಪತ್ರಿಕೆಗಳು ವಿಚ್ಛೇದನ ಕೇಸುಗಳ ಮಲಗುವ ಮನೆಯ ವಿವರಗಳನ್ನೆಲ್ಲ ದಿನವೂ ಅಚ್ಚು ಹಾಕತೊಡಗಿದವು. 1926ರಲ್ಲಿ ಅಲ್ಲಿನ ಸಂಸತ್ತು ಅದಕ್ಕೆ ಕಡಿವಾಣ ಹಾಕುವ ಕಾಯ್ದೆ ತಂದಿತು. ಪತ್ರಿಕೆಗಳು ಕಕ್ಷಿದಾರರ ಹೆಸರು, ಆರೋಪಗಳ ಸಾರಾಂಶ, ಕಾನೂನಿನ ವಾದ, ತೀರ್ಪು ಇವನ್ನಷ್ಟೇ ಕೊಡಬಹುದು. ಸಾಕ್ಷ್ಯದ ವಿವರಗಳನ್ನು ಹರವುವಂತಿಲ್ಲ. ಸುಮಾರು ನೂರು ವರ್ಷ ಹಳೆಯ ಈ ವಿಂಗಡಣೆ ಇವತ್ತಿಗೂ ಉಪಯೋಗಕ್ಕೆ ಬರುವಂಥದ್ದು.

ನಮ್ಮಲ್ಲಿ ನಿರ್ಬಂಧ ಇನ್ನೂ ಬಿಗಿ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿಗೆ 1976ರಲ್ಲಿ ತಿದ್ದುಪಡಿಯಾದ ಮೇಲೆ ವಿಚಾರಣೆ ಇನ್‌ ಕ್ಯಾಮೆರಾ, ಅಂದರೆ ಮುಚ್ಚಿದ ಬಾಗಿಲ ಹಿಂದೆ, ನಡೆಯಲೇಬೇಕು. ವಿಚಾರಣೆಯ ಯಾವ ಭಾಗವನ್ನೂ ಅಚ್ಚು ಹಾಕುವಂತಿಲ್ಲ. ಹೈಕೋರ್ಟ್, ಸುಪ್ರೀಂ ಕೋರ್ಟುಗಳ ತೀರ್ಪನ್ನು ಮಾತ್ರ ಕೋರ್ಟಿನ ಅನುಮತಿ ಪಡೆದು ಪ್ರಕಟಿಸಬಹುದು. ಸಾಮಾನ್ಯ ದಂಪತಿಗೆ ಇದು ದೊಡ್ಡ ರಕ್ಷಣೆ, ಅದನ್ನು ಸಡಿಲಿಸಬೇಕೆಂದು ನಾನು ಹೇಳುವುದಿಲ್ಲ. ನ್ಯಾಯಮೂರ್ತಿಯ ಕೇಸಿಗೆ ಅದೇ ಬೀಗ ಬಿದ್ದಾಗ ಮಾತ್ರ ಒಂದು ಅಪಾಯವಿದೆ. ಮನೆಯ ಗುಟ್ಟಿನ ಜೊತೆ ಕೋರ್ಟಿನ ಆಡಳಿತದ ಗುಟ್ಟೂ ಒಳಗೇ ಉಳಿದುಬಿಡುತ್ತದೆ. ಯಾವ ನ್ಯಾಯಾಧೀಶರ ಮುಂದೆ ಕೇಸು ಬಂತು, ಮಧ್ಯದಲ್ಲಿ ಅವರ ವರ್ಗಾವಣೆ ಆಯಿತೇ, ಉಳಿದವರ ಕೇಸು ವರ್ಷಗಟ್ಟಲೆ ಎಳೆಯುವಾಗ ಇದು ಮಾತ್ರ ತಿಂಗಳಲ್ಲಿ ಮುಗಿಯಿತೇ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಿದರೆ ಯಾರ ಮಾನವೂ ಹೋಗುವುದಿಲ್ಲ.

ಮೊದಲು ಹೇಳಿದ ತೊಡಕನ್ನು ಈಗ ಬಿಡಿಸಿ ನೋಡೋಣ. ಸಂವಿಧಾನದ 235ನೇ ವಿಧಿ ಜಿಲ್ಲಾ ಮಟ್ಟದ ನ್ಯಾಯಾಂಗದ ಮೇಲಿನ ಹತೋಟಿಯನ್ನು ಹೈಕೋರ್ಟಿಗೆ ಕೊಟ್ಟಿದೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ ಪ್ರಕಾರ ಆ ನ್ಯಾಯಾಧೀಶರ ನೇಮಕಕ್ಕೆ ಹೈಕೋರ್ಟಿನ ಸಮ್ಮತಿ ಬೇಕು. ಅವರ ತೀರ್ಪಿನ ಮೇಲಿನ ಮೇಲ್ಮನವಿ 19ನೇ ಕಲಮಿನಡಿ ಅದೇ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗುತ್ತದೆ. ಕೆಳಗೆ ಕೂತವರು ಅಧೀನರು, ಮೇಲೆ ಕೂತವರು ಸಹೋದ್ಯೋಗಿಗಳು. ಯಾರೊಬ್ಬರೂ ಒಂದು ಮಾತನ್ನೂ ಆಡದಿದ್ದರೂ ಎದುರು ಪಕ್ಷದವರಿಗೆ ಭಯವಾಗುವುದು ಸಹಜ. ಕಾನೂನು ಇಲ್ಲಿ ಕೇಳುವ ಪ್ರಶ್ನೆಯೂ ಅದೇ: ನ್ಯಾಯಾಧೀಶರ ಮನಸ್ಸಿನಲ್ಲಿ ಪಕ್ಷಪಾತವಿದೆಯೇ ಎಂದು ಅಗೆದು ನೋಡಬೇಕಿಲ್ಲ, ವಿವೇಕವುಳ್ಳ ಸಾಮಾನ್ಯ ಮನುಷ್ಯನಿಗೆ ಅಂಥ ಆತಂಕ ಬರುವ ಹಾಗಿದೆಯೇ ಎಂದು ನೋಡಿದರೆ ಸಾಕು.

ಕಕ್ಷಿದಾರರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೇ ಆದರೆ ನಾವು ನೇರವಾಗಿ ಕಾಂಕರ್ಡಿನ ಆ ಕೊಠಡಿಗೆ ಬಂದು ನಿಲ್ಲುತ್ತೇವೆ. ಅದಕ್ಕಿಂತ ಮೇಲೆ ಕೋರ್ಟಿಲ್ಲ. ಯಾವ ಕೇಸು ಯಾವ ಪೀಠಕ್ಕೆ ಎಂದು ಹಂಚುವ ಅಧಿಕಾರ ಮುಖ್ಯ ನ್ಯಾಯಮೂರ್ತಿಯೊಬ್ಬರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಶಾಂತಿ ಭೂಷಣ್ ಪ್ರಕರಣದಲ್ಲಿ ಮತ್ತೆ ಹೇಳಿದೆ. ಹಿಂದೆ ಸರಿಯುವುದಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ಸರಿಯಬೇಕೋ ಬೇಡವೋ ಎಂಬುದನ್ನು ಆಯಾ ನ್ಯಾಯಮೂರ್ತಿಯೇ ತೀರ್ಮಾನಿಸುತ್ತಾರೆ. 2019ರ ಏಪ್ರಿಲ್ 20ರ ಶನಿವಾರ, ತಮ್ಮ ಮೇಲೆಯೇ ಬಂದ ಆರೋಪದ ವಿಷಯ ಕೇಳಲು ಕರೆದ ವಿಶೇಷ ಪೀಠದಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ ತಾವೇ ಕೂತಿದ್ದರು. ಆ ಪೀಠದಲ್ಲಿ ತಾನು ಕೂರಬಾರದಿತ್ತು ಎಂದು 2021ರಲ್ಲಿ ಅವರೇ ಹೇಳಿಕೊಂಡರು. ಅದು ವಿಚ್ಛೇದನದ ವಿಷಯವಲ್ಲ. ಆದರೆ ಬರೆದಿಟ್ಟ ನಿಯಮವಿಲ್ಲದೆ ಎಲ್ಲವನ್ನೂ ವ್ಯಕ್ತಿಯ ವಿವೇಕಕ್ಕೆ ಬಿಟ್ಟರೆ, ಇಕ್ಕಟ್ಟಿನ ಹೊತ್ತಿನಲ್ಲಿ ಅನುಭವಿಗಳೂ ಎಡವುತ್ತಾರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

ನಡತೆಯ ನಿಯಮಗಳೇ ಇಲ್ಲ ಎಂದಲ್ಲ. 1997ರ ಮೇ 7ರಂದು ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳು ಸೇರಿ ಒಪ್ಪಿದ ನ್ಯಾಯಾಂಗ ಜೀವನದ ಮೌಲ್ಯಗಳ ಪಟ್ಟಿಯಲ್ಲಿ, ಕುಟುಂಬದವರು, ಹತ್ತಿರದ ಸಂಬಂಧಿಕರು, ಸ್ನೇಹಿತರು ಇರುವ ಕೇಸನ್ನು ನ್ಯಾಯಮೂರ್ತಿ ಕೇಳಬಾರದು ಎಂದಿದೆ. ತಾನು ಸದಾ ಸಾರ್ವಜನಿಕರ ಕಣ್ಣ ಮುಂದಿದ್ದೇನೆಂಬ ಎಚ್ಚರ ಇರಬೇಕು ಎಂದೂ ಇದೆ. ಇನ್ನೊಂದು ಸಂಹಿತೆಗೆ ನಮ್ಮ ಊರಿನ ಹೆಸರೇ ಇದೆ. ಬ್ರಾಕ್ ವಿಚಾರಣೆ ಮುಗಿದ ನಾಲ್ಕೇ ತಿಂಗಳಿಗೆ, 2001ರ ಫೆಬ್ರುವರಿಯಲ್ಲಿ, ಹಲವು ದೇಶಗಳ ಹಿರಿಯ ನ್ಯಾಯಮೂರ್ತಿಗಳು ಬೆಂಗಳೂರಿನಲ್ಲಿ ಸೇರಿ ಅದರ ಕರಡು ಸಿದ್ಧಮಾಡಿದರು. 2002ರಲ್ಲಿ ಹೇಗ್ ನಗರದಲ್ಲಿ ಪರಿಷ್ಕಾರಗೊಂಡ ಅದು ಜಗತ್ತಿನಾದ್ಯಂತ ಬೆಂಗಳೂರು ತತ್ವಗಳು ಎಂದೇ ಹೆಸರಾಗಿದೆ. ಸಾಮಾನ್ಯ ನಾಗರಿಕರಿಗೆ ಹೊರೆ ಎನ್ನಿಸುವ ನಿರ್ಬಂಧಗಳನ್ನು ನ್ಯಾಯಾಧೀಶರು ಮನಸಾರೆ ಒಪ್ಪಿಕೊಳ್ಳಬೇಕು ಎನ್ನುತ್ತದೆ ಅದು. ತನಗಾಗಲಿ ಮನೆಯವರಿಗಾಗಲಿ ಅನುಕೂಲ ಮಾಡಿಕೊಳ್ಳಲು ಹುದ್ದೆಯ ಘನತೆಯನ್ನು ಬಳಸಬಾರದು ಎಂದೂ ಹೇಳುತ್ತದೆ. ಥೇಯರ್ ಪ್ರಕರಣವನ್ನು ಅಳೆಯಲು ಈ ಒಂದು ಸಾಲು ಸಾಕು. ಆದರೆ ಇವು ಒಪ್ಪಿ ನಡೆಯಬೇಕಾದ ಮಾತುಗಳು. ಮೀರಿದರೆ ಇಂಥ ಶಿಕ್ಷೆ ಎಂದು ಹೇಳುವ ಕಾನೂನಿನ ಬಲ ಇವುಗಳಿಗಿಲ್ಲ.

ಹೀಗಿರುವಾಗ ಸುದ್ದಿಯೊಂದು ಬಂದರೆ ನಾವು ಕೇಳಬೇಕಾದದ್ದು ಬಹಳ ಸರಳ. ಪೀಠವನ್ನು ಯಾರು, ಯಾವ ನಿಯಮದಡಿ ರಚಿಸಿದರು? ಕಕ್ಷಿದಾರರ ಕೈಕೆಳಗೆ ಕೆಲಸ ಮಾಡುವವರೇ ವಿಚಾರಣೆ ನಡೆಸಿದರೇ? ದಿನಾಂಕಗಳು ಎಲ್ಲರಿಗೂ ಸಿಗುವಂತೆ ಸಿಕ್ಕವೇ? ಎದುರು ಪಕ್ಷದವರಿಗೆ ಒಬ್ಬ ಒಳ್ಳೆಯ ವಕೀಲರಾದರೂ ಸಿಕ್ಕರೇ? ಈ ಕೊನೆಯ ಪ್ರಶ್ನೆ ಹಗುರವಾದದ್ದಲ್ಲ. ನಾಳೆ ತಾನು ವಾದಿಸಬೇಕಾದ ಕೋರ್ಟಿನ ನ್ಯಾಯಮೂರ್ತಿಯ ವಿರುದ್ಧ ವಕಾಲತ್ತು ಹಾಕಲು ಎದೆಗಾರಿಕೆ ಬೇಕು. ಯಾರು ಯಾರಿಗೆ ಮೋಸ ಮಾಡಿದರು, ಮಕ್ಕಳು ಯಾರ ಹತ್ತಿರ ಇದ್ದಾರೆ, ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ವಾಟ್ಸಾಪ್‌ನಲ್ಲಿ ಹಂಚುವುದರಿಂದ ಇವುಗಳಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ. ಆ ಮಕ್ಕಳು ಈ ಮಾತುಗಳನ್ನೆಲ್ಲ ಹೊತ್ತು ಶಾಲೆಗೆ ಹೋಗಬೇಕಾಗುತ್ತದೆ, ಅಷ್ಟೇ ಆಗುವುದು.

ಹಾಗಾದರೆ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಪತ್ನಿಗೆ, ಅಥವಾ ನ್ಯಾಯಮೂರ್ತಿಯಾಗಿರುವ ಹೆಣ್ಣುಮಗಳ ಪತಿಗೆ, ಇವತ್ತು ಕಾನೂನಿನಲ್ಲಿ ದಾರಿಯೇ ಇಲ್ಲವೇ? ಒಂದು ದಾರಿಯಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಡಿ ಸುಪ್ರೀಂ ಕೋರ್ಟಿಗೆ ವರ್ಗಾವಣೆ ಅರ್ಜಿ ಹಾಕಿ, ಕೇಸನ್ನು ಬೇರೆ ರಾಜ್ಯದ ಕೋರ್ಟಿಗೆ ಕಳಿಸಿ ಎಂದು ಕೇಳಬಹುದು. ದೂರದ ಊರಿಗೆ ಅಲೆಯಲಾರದ ಹೆಣ್ಣುಮಕ್ಕಳು ದಿನವೂ ಬಳಸುವ ಕಲಮು ಅದು. ಬೆಂಗಳೂರಿನ ಕೇಸು ಚೆನ್ನೈಗೆ ಹೋದರೆ ವಿಚಾರಣೆ ನಡೆಸುವ ನ್ಯಾಯಾಧೀಶರು ಕರ್ನಾಟಕ ಹೈಕೋರ್ಟಿನ ಹತೋಟಿಯಲ್ಲಿರುವುದಿಲ್ಲ, ಮೇಲ್ಮನವಿ ಕೂಡ ಮದ್ರಾಸ್ ಹೈಕೋರ್ಟಿಗೆ ಹೋಗುತ್ತದೆ. ಆ ಅರ್ಜಿಯಲ್ಲಿ ಮದುವೆ ಯಾಕೆ ಮುರಿಯಿತೆಂದು ವಿವರವಾಗಿ ಬರೆಯಬೇಕಾಗಿಲ್ಲ. ಎದುರು ಪಕ್ಷದವರು ಯಾವ ಹುದ್ದೆಯಲ್ಲಿದ್ದಾರೆ, ಕೇಸು ಈಗ ಯಾರ ಮುಂದಿದೆ ಎಂದು ಬರೆದರೆ ಸಾಕು.